ಉಲ್ಟಾ ಹೊಲಿದ ದೋಣಿ

ನಮ್ಮ ಮಾವನವರು ಕೋಟು ಹೊಲಿಯುವ ದರ್ಜಿ. ಬರೀ ದರ್ಜಿ ಅಂದುಬಿಟ್ಟರೆ ಅವರಿಗೆ ಮೂಗಿನ ತುದಿಗೆ ಕೋಪ ಬರುತ್ತದೆ. ದಿಂಬಿನ ಚೀಲ ಹೊಲಿಯುವವರೂ ದರ್ಜಿಗಳೇ ತಾನೇ ಎನ್ನುತ್ತಾರೆ. ನಾವಿರುವ ಕಟ್ಟಡದ ಮೆಟ್ಟಿಲ ಪಕ್ಕದ ಒಂಟಿ ಕೋಣೆಯಲ್ಲಿ ನಲವತ್ತೊಂದು ವರ್ಷ ಕುಳಿತು ಈ ಬೀದಿಯ ಅರ್ಧ ಗಂಡಸರ ಹೆಗಲು ಅಳೆದವರು. ಎದುರಿಗೆ ಯಾರು ಬಂದರೂ ಮೊದಲು ಭುಜ ನೋಡುತ್ತಾರೆ, ಮುಖ ಆಮೇಲೆ. ನಾನು ಸೊಸೆಯಾಗಿ ಈ ಮನೆಗೆ ಬಂದ ದಿನ ಅವರು ನನಗೆ ಹೇಳಿದ ಮೊದಲ ಮಾತು, "ಎಡಭುಜ ಅರ್ಧ ಇಂಚು ಇಳಿದಿದೆಯಮ್ಮ, ಚೀಲ ಬಲಗಡೆ ಹಾಕ್ಕೋ" ಎಂದು. ಆವತ್ತು ನನಗೆ ಮೈಯೆಲ್ಲ ಉರಿದುಹೋಗಿತ್ತು. ಆದರೆ ಹದಿನಾರು ವರ್ಷದಿಂದ ಚೀಲ ಬಲಗಡೆಗೇ ಹಾಕುತ್ತಿದ್ದೇನೆ.

ಅಂಥ ಮನುಷ್ಯ ಒಂದು ದಿನ ಕಪ್ಪು ಕೋಟಿನ ಗುಂಡಿ ಕಾಜಾಗಳನ್ನೆಲ್ಲ ಕಂದು ದಾರದಲ್ಲಿ ಹೊಲಿದಿಟ್ಟರು. ಕೋಟಿನ ಯಜಮಾನರು ಒಬ್ಬ ಲೆಕ್ಕದ ಮೇಷ್ಟ್ರು, ತುಂಬ ಸಾಧು. ನಮ್ಮ ಅತ್ತೆಯನ್ನು ಪಕ್ಕಕ್ಕೆ ಕರೆದು, ಗುಟ್ಟು ಹೇಳುವವರ ಹಾಗೆ ತಗ್ಗಿದ ದನಿಯಲ್ಲಿ ಹೇಳಿದರು. ಒಳಗೆ ಕೂತಿದ್ದ ಮಾವನವರಿಗೆ ಅದು ಕೇಳಿಸಿಬಿಟ್ಟಿತು. ಅವರ ಕಣ್ಣು ಮಂದವಾಗಿತ್ತೇ ಹೊರತು ಕಿವಿಗೇನೂ ಆಗಿರಲಿಲ್ಲ. ಎಲ್ಲ ಕಾಜಾಗಳನ್ನು ಬಿಚ್ಚಿ, ಅತ್ತೆಯ ಕೈಲಿ ಕಪ್ಪು ದಾರ ಆರಿಸಿಕೊಂಡು ಮತ್ತೆ ಹೊಲಿದು ಕೊಟ್ಟು, ಅಂಗಡಿಗೆ ಬೀಗ ಹಾಕಿ, ಬೀಗದ ಕೈಯನ್ನು ಅಡುಗೆಮನೆ ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದರು. ಬೆನ್ನು ನೋವು, ನಾಲ್ಕು ದಿನ ರಜ ಎಂದರು. ಎರಡು ತಿಂಗಳಾದರೂ ಆ ಬೆನ್ನು ನೋವು ಹೋಗಲಿಲ್ಲ. ಬಂದಿದ್ದರೆ ತಾನೇ ಹೋಗುವುದು!

ಕಣ್ಣಿನ ಡಾಕ್ಟರಿಗೆ ಅವರನ್ನು ತೋರಿಸಿದ್ದೇ ಒಂದು ದೊಡ್ಡ ಸಾಹಸ. ಎರಡೂ ಕಣ್ಣಿಗೆ ಪೊರೆ ಬಂದಿದೆ, ಬಲಗಣ್ಣಿನದು ಚೆನ್ನಾಗಿ ಬಲಿತಿದೆ, ಆಪರೇಷನ್ ಮಾಡಿಸಿದರೆ ಸರಿಹೋಗುತ್ತದೆ, ತಡ ಮಾಡಬೇಡಿ ಎಂದರು ಡಾಕ್ಟರು. ಮಾವನವರು ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಕಾರಣ ನಮಗೆಲ್ಲ ಗೊತ್ತಿತ್ತು. ಅವರಪ್ಪನೂ ದರ್ಜಿ. ಆ ಕಾಲದಲ್ಲಿ ಕಣ್ಣಿನ ಆಪರೇಷನ್ ಮಾಡಿಸಿಕೊಂಡು, ಕಣ್ಣಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದ ಮೇಲೆ ಅವರಿಗೆ ಏನೂ ಕಾಣಲಿಲ್ಲ. ಆಮೇಲೆ ಹನ್ನೊಂದು ವರ್ಷ ಅಂಗಡಿಯ ಮೂಲೆಯಲ್ಲಿ ಕೂತು, ತಡವಿಕೊಂಡು ಬಾಬಿನ್ನಿಗೆ ದಾರ ಸುತ್ತುತ್ತಾ ಬದುಕು ಮುಗಿಸಿದರು. ಮಾವನವರು ಆ ಹನ್ನೊಂದು ವರ್ಷವೂ ಅದನ್ನು ಪಕ್ಕದಲ್ಲೇ ಕೂತು ನೋಡಿದ್ದರು.

ನಾನು ಕೆಲಸ ಮಾಡುವುದು ಆಟದ ಸಾಮಾನಿನ ಅಂಗಡಿಯಲ್ಲಿ. ಅಲ್ಲೊಂದು ಡಬ್ಬಿ ಮೂಲೆ ನಜ್ಜುಗುಜ್ಜಾಗಿ ಯಾರೂ ಕೊಳ್ಳದೆ ಬಿದ್ದಿತ್ತು. ಮರದ ದೋಣಿ, ಭಾಗ ಭಾಗವಾಗಿ ಕತ್ತರಿಸಿಟ್ಟದ್ದು, ನಾವೇ ಜೋಡಿಸಬೇಕು. ಮೊದಲ ಸಲ ಮಾಡುವವರಿಗೆ ಎಂದು ಮೇಲೆ ಬರೆದಿತ್ತು. ತಗೊಂಡು ಹೋಗಮ್ಮ ಎಂದರು ಅಂಗಡಿಯವರು. ಹೊತ್ತು ಹೋಗಲಿ ಎಂದು ಮಾವನವರ ಮುಂದಿಟ್ಟೆ. ಅವರು ಮುಚ್ಚಳ ತೆರೆದು, ಮುಚ್ಚಿ, ಪಕ್ಕಕ್ಕೆ ತಳ್ಳಿದರು. ದಿನವಿಡೀ ನಿಂತು ಕಾಲು ನೋಯುತ್ತಿತ್ತು ನನಗೆ, ಸಿಟ್ಟು ನೆತ್ತಿಗೇರಿತು.

"ಬಿಡಿ ಮಾವ, ಇದು ಕಣ್ಣು ಕಾಣೋರು ಮಾಡೋ ಕೆಲಸ," ಎಂದುಬಿಟ್ಟೆ.

ಆಡಿದ ಮಾತು, ಒಡೆದ ಮುತ್ತು. ನಾಲಿಗೆ ಕಚ್ಚಿಕೊಳ್ಳುವ ಹೊತ್ತಿಗೆ ಮಾವನವರು ಡಬ್ಬಿಯನ್ನು ಮತ್ತೆ ಎಳೆದುಕೊಂಡಿದ್ದರು. ಅಲ್ಲೇ ಪಂದ್ಯ ಕಟ್ಟಿದರು. ದೋಣಿ ನೆಟ್ಟಗೆ ಬಂದರೆ ಈ ಮನೆಯಲ್ಲಿ ಯಾರೂ ಇನ್ನು ಕಣ್ಣಿನ ಮಾತೆತ್ತಬಾರದು. ಸೊಟ್ಟಗಾದರೆ ಮಾರನೇ ದಿನವೇ ಆಸ್ಪತ್ರೆಗೆ ಬರುತ್ತಾರೆ. ತೀರ್ಪು ಅತ್ತೆಯದು. ಅತ್ತೆ ಇದನ್ನೆಲ್ಲ ಕೇಳಿ, ಕೆಲಸವಿಲ್ಲದ ಬಡಗಿ ಮಗನ ಕುಂಡಿ ಕೆತ್ತಿದನಂತೆ ಎಂದರು. ಆ ಮಗ, ಅಂದರೆ ನನ್ನ ಗಂಡ, ಆಗತಾನೆ ಗ್ಯಾರೇಜಿನಿಂದ ಬಂದು ಕೈ ತೊಳೆಯುತ್ತಿದ್ದವನು, ತನಗೂ ಇದಕ್ಕೂ ಸಂಬಂಧವಿಲ್ಲ ಎಂದು ಒಳಗೆ ಹೋದ.

ಕಿಟಕಿಯ ಹತ್ತಿರ ಮೇಜು ಹಾಕಿಸಿಕೊಂಡರು. ನಡುವೆ ಒಂದು ಉದ್ದ ಮರ, ದೋಣಿಯ ಬೆನ್ನೆಲುಬು. ಅದಕ್ಕೆ ಅಡ್ಡಡ್ಡ ಒಂಬತ್ತು ಪಕ್ಕೆಲುಬು. ಅವುಗಳ ಮೇಲೆ ಎರಡೂ ಕಡೆ ಬೆರಳಗಲದ ತೆಳ್ಳನೆಯ ಹಲಗೆಗಳನ್ನು ಒಂದರ ಪಕ್ಕ ಒಂದು ಅಂಟಿಸಿಕೊಂಡು ಹೋಗಬೇಕು. ಹಲಗೆ ಬಗ್ಗಬೇಕಲ್ಲ? ಅಲ್ಲಿ ನಮ್ಮ ಮಾವನವರ ಕೈಚಳಕ ನೋಡಬೇಕಿತ್ತು. ಹಲಗೆಯನ್ನು ಬಿಸಿನೀರಿನಲ್ಲಿ ನೆನೆಸಿ, ಕೋಟಿನ ತೋಳು ಇಸ್ತ್ರಿ ಮಾಡುವ ಮಣೆಯ ಮೇಲಿಟ್ಟು, ಒದ್ದೆ ಬಟ್ಟೆ ಹೊದಿಸಿ, ಇಸ್ತ್ರಿಪೆಟ್ಟಿಗೆಯಿಂದ ಒತ್ತಿ ಒತ್ತಿ ಬಾಗಿಸಿದರು. ಕಾಲರ್ ಕೂರಿಸಿದಂತೆ ಆ ಮರ ಬಾಗಿ ಕೂತಿತು. ಅಂಟು ಒಣಗುವವರೆಗೆ ಹಿಡಿದಿರಲು ಗುಂಡುಪಿನ್ನು ಚುಚ್ಚಿದರು, ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನೆಲ್ಲ ಕಸಿದುಕೊಂಡರು. ವಾರವೆಲ್ಲ ನಮ್ಮ ಮನೆಯ ಬಟ್ಟೆಗಳು ಗಾಳಿಗೆ ಹಾರಿ ಕೆಳಗಿನ ಮನೆಯವರ ಬಾಲ್ಕನಿಗೆ ಬೀಳುತ್ತಿದ್ದವು.

ಐದನೇ ದಿನ ನಾನು ಬಗ್ಗಿ ನೋಡಿದರೆ, ದೋಣಿಯ ಮೈತುಂಬ ಅಂಕಿಗಳು! ಪ್ರತಿ ಹಲಗೆಗೂ ಒಂದು ಕಡೆ ನುಣುಪು, ಇನ್ನೊಂದು ಕಡೆ ತರಿತರಿ. ಯಾವುದು ಎಲ್ಲಿಗೆ ಎಂದು ತಿಳಿಯಲಿ ಎಂದು ಡಬ್ಬಿ ಮಾಡಿದವರು ತರಿಯ ಕಡೆ ಅಂಕಿ ಒತ್ತಿದ್ದಾರೆ. ಅದು ಒಳಗೆ ಹೋಗಬೇಕು. ಮಾವನವರು ಎಲ್ಲವನ್ನೂ ನುಣುಪು ಒಳಗೆ, ಅಂಕಿ ಹೊರಗೆ ಮಾಡಿ ಅಂಟಿಸಿದ್ದರು. ಸಿಕ್ಕಿಬಿದ್ದಿರಿ ಮಾವ, ಇದು ಕಣ್ಣಿನ ತಪ್ಪು, ನಡೀರಿ ಆಸ್ಪತ್ರೆಗೆ ಎಂದೆ.

ಮಾವನವರು ಹಲಗೆಯ ಮೇಲೆ ಕೈಯಾಡಿಸಿ, ಹೊಟ್ಟೆ ಹಿಡಿದು ನಕ್ಕರು. "ಇದು ಕಣ್ಣಿನ ತಪ್ಪಲ್ಲಮ್ಮ, ಕೈ ತಪ್ಪು. ನಲವತ್ತೊಂದು ವರ್ಷ ಉಲ್ಟಾ ಹೊಲಿದ ಕೈ ಇದು."

ಅವರು ಹೇಳಿದ್ದು ನಿಜವೇ. ದರ್ಜಿಗಳು ಬಟ್ಟೆಯ ಒಳಮೈ ಹೊರಗಿಟ್ಟುಕೊಂಡೇ ಹೊಲಿಯುತ್ತಾರೆ, ಎಲ್ಲ ಮುಗಿದ ಮೇಲೆ ತಿರುಗಿಸುತ್ತಾರೆ. ಕೋಟನ್ನು ತಿರುಗಿಸಬಹುದು, ದೋಣಿಯನ್ನು ಹೇಗೆ ತಿರುಗಿಸುವುದು? ಅತ್ತೆ ತೀರ್ಪು ಕೊಟ್ಟರು: ಕೈಯ ತಪ್ಪು ಲೆಕ್ಕಕ್ಕಿಲ್ಲ, ಉಳಿದದ್ದನ್ನೂ ಹಾಗೇ ಉಲ್ಟಾ ಹಾಕಿ ಮುಗಿಸಿ, ಕೊನೆಗೆ ಉಪ್ಪುಕಾಗದದಲ್ಲಿ ತಿಕ್ಕಿದರೆ ಅಂಕಿ ಹೋಗುತ್ತದೆ. ಎಷ್ಟಾದರೂ ಅತ್ತೆ ತಮ್ಮ ಗಂಡನ ಕಡೆಯೇ ಎಂದು ಗೊಣಗಿದೆ. ಆದರೆ ಎರಡು ತಿಂಗಳಿನಿಂದ ನಮ್ಮ ಮನೆಯಲ್ಲಿ ಮಾವನವರ ನಗು ಕೇಳಿರಲಿಲ್ಲ. ನನಗೂ ನಗು ಬಂತು.

ಆ ದಿನದಿಂದ ಅವರು ಬೆಳಿಗ್ಗೆ ಬೇಗ ಎದ್ದು, ಗಡ್ಡ ಕೆರೆದುಕೊಂಡು, ಅಂಗಡಿಗೆ ಹೋಗುವಾಗ ಹಾಕುತ್ತಿದ್ದ ಅಂಗಿ ಹಾಕಿಕೊಂಡು, ಕುತ್ತಿಗೆಗೆ ಅಳತೆ ಟೇಪು ನೇತುಹಾಕಿಕೊಂಡು ಮೇಜಿಗೆ ಬರತೊಡಗಿದರು. ಸಿಳ್ಳೆ ಹಾಕುತ್ತಿದ್ದರು. ನಾನು ಕೆಲಸಕ್ಕೆ ಹೊರಟರೆ, ಇವತ್ತು ನಾಲ್ಕು ಹಲಗೆ ಮುಗಿಸ್ತೀನಿ ನೋಡು ಎನ್ನುತ್ತಿದ್ದರು.

ನನಗೆ ವಾರದ ರಜ ಇದ್ದ ದಿನ ಮಧ್ಯಾಹ್ನ ಅವರು ಮಲಗಿದ್ದರು. ಮೇಜು ಒರೆಸಲು ಹೋದವಳು ದೋಣಿಯನ್ನು ಎತ್ತಿ ನೋಡಿದೆ. ಬಲಮಗ್ಗುಲಿನಲ್ಲಿ, ಮೂತಿಯ ಹತ್ತಿರ, ಮೂರು ಹಲಗೆಗಳು ದಾರಿ ತಪ್ಪಿದ್ದವು. ಒಂದರ ಮೇಲೊಂದು ಹತ್ತಿಕೊಂಡು, ಕೆಳಗೆ ನನ್ನ ಕಿರುಬೆರಳು ಹೋಗುವಷ್ಟು ಸಂದು. ಇದು ಕೈಯ ತಪ್ಪಲ್ಲ. ಇದನ್ನು ಯಾರು ನೋಡಿದರೂ ಸೊಟ್ಟ ಎನ್ನುತ್ತಾರೆ. ಅಂದರೆ ಪಂದ್ಯ ನಾನು ಗೆದ್ದಿದ್ದೆ.

ಗೆದ್ದವಳಿಗೆ ಖುಷಿಯಾಗಬೇಕಿತ್ತು. ನನಗೆ ಬೆಳಿಗ್ಗೆಯ ಆ ಸಿಳ್ಳೆ ನೆನಪಾಯಿತು. ಇದನ್ನು ತೋರಿಸಿದರೆ ಅವರು ಆಸ್ಪತ್ರೆಗೇನೋ ಬರುತ್ತಾರೆ, ಆದರೆ ಆ ಕಂದು ದಾರದ ದಿನದ ಮುಖ ಹೊತ್ತುಕೊಂಡು ಬರುತ್ತಾರೆ. ಅದನ್ನು ಇನ್ನೊಂದು ಸಲ ನೋಡಲು ನನ್ನಿಂದ ಆಗುತ್ತಿರಲಿಲ್ಲ. ಹಿಂದುಮುಂದು ಯೋಚಿಸದೆ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಹಲಗೆಗಳ ಮೇಲಿಟ್ಟೆ. ಅಂಟು ಮೆತ್ತಗಾಯಿತು. ಮೂರನ್ನೂ ಬಿಡಿಸಿ, ಅಂಚು ಕೆರೆದು, ಒಂದರ ಪಕ್ಕ ಒಂದು ಒತ್ತಿ ಕೂರಿಸಿ, ಕ್ಲಿಪ್ಪು ಹಾಕಿದೆ. ಜೀವಮಾನದಲ್ಲಿ ನಾನು ಮಾಡಿದ ಮೊದಲ ಮರಗೆಲಸ ಅದು, ಪರವಾಗಿಲ್ಲ ಎನ್ನುವಂತಿತ್ತು.

ತಿರುಗಿದರೆ ಬಾಗಿಲಲ್ಲಿ ಅತ್ತೆ. ಎಷ್ಟು ಹೊತ್ತಿನಿಂದ ನಿಂತಿದ್ದರೋ.

"ಅಲ್ವೇ ಹುಚ್ಚಿ," ಎಂದರು ಮೆಲ್ಲಗೆ, "ನೀನು ಅವರನ್ನ ಗೆಲ್ಲಿಸಿದ್ರೆ ಕಣ್ಣು ಹೋಗುತ್ತಲ್ಲೇ."

ಅದು ಗೊತ್ತಿಲ್ಲದ ವಿಷಯವೇ? ಗೊತ್ತಿದ್ದೂ ಮಾಡಿದ್ದೆ. ಅಡುಗೆಮನೆಗೆ ಹೋಗಿ ಅತ್ತೆಯ ಹೆಗಲಿಗೆ ಮುಖ ಒತ್ತಿಕೊಂಡು ಅತ್ತುಬಿಟ್ಟೆ. ಅವರು ನನ್ನ ಬೆನ್ನು ಸವರಿದರು. ತೀರ್ಪು ಕೊಡಬೇಕಾದವರು, ಪಂದ್ಯದಲ್ಲಿ ಎದುರು ನಿಂತವಳು, ಇಬ್ಬರೂ ಕಳ್ಳರಾದೆವು. ಸಂಜೆ ಮಾವನವರು ಕ್ಲಿಪ್ಪು ತೆಗೆದು ಕೆಲಸ ಮುಂದುವರಿಸಿದಾಗ, ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂಬಂತೆ ನಾನು ಅಡುಗೆಮನೆಯಿಂದ ಈಚೆಗೇ ಬರಲಿಲ್ಲ.

ಎಂಟು ದಿನ ಕಳೆಯಿತು. ಕೊನೆಯ ಹಲಗೆ ಕೂತಿತು. ಕಂಬ ನಿಂತಿತು. ಹಾಯಿಯನ್ನಂತೂ ಅವರು ಡಬ್ಬಿಯ ಬಟ್ಟೆ ಬಿಸಾಕಿ, ಕೋಟಿನ ಒಳಗೆ ಹಾಕುವ ಅಸ್ತರು ಬಟ್ಟೆಯಲ್ಲಿ ಮಾಡಿದರು. ಸೂಜಿಗೆ ದಾರ ಪೋಣಿಸಿದ್ದು ಅತ್ತೆ, ಅದನ್ನು ಯಾರೂ ಎತ್ತಿ ಆಡಲಿಲ್ಲ. ಇನ್ನು ಉಳಿದದ್ದು ಅಂಕಿಗಳನ್ನು ತಿಕ್ಕುವುದೊಂದೇ. ನಮ್ಮ ಮೂವರನ್ನೂ ಮೇಜಿನ ಸುತ್ತ ನಿಲ್ಲಿಸಿಕೊಂಡರು. ತಿಕ್ಕಿ ಮುಗಿಯುತ್ತಿದ್ದ ಹಾಗೆ ತೀರ್ಪು, ಆಮೇಲೆ ಯಾರೂ ಪಿಟಕ್ಕೆನ್ನಬಾರದು ಎಂದರು. ಅವರ ದನಿಯಲ್ಲಿ ಗೆದ್ದವರ ಗತ್ತಿತ್ತು. ನನ್ನ ಗಂಡನಿಗೆ ಏನೂ ಗೊತ್ತಿರಲಿಲ್ಲ, ಅಪ್ಪ ಭೇಷ್ ಎನ್ನುತ್ತಿದ್ದ. ನಾನೂ ಅತ್ತೆಯೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಬಲಗೈಯಲ್ಲಿ ಉಪ್ಪುಕಾಗದ. ತಿಕ್ಕುವ ಮೊದಲು ಎಡಗೈಯನ್ನು ದೋಣಿಯ ಮೈಮೇಲೆ ಆಡಿಸಿದರು. ಬಟ್ಟೆ ಕತ್ತರಿಸುವ ಮೊದಲು ಅವರು ಯಾವತ್ತೂ ಹಾಗೆ ಸವರಿ ನೋಡುತ್ತಾರೆ. ಹಿಂದಿನಿಂದ ಮುಂದಕ್ಕೆ ಬಂದ ಬೆರಳು ಮೂತಿಯ ಹತ್ತಿರ ನಿಂತಿತು. ಹಿಂದೆ ಹೋಯಿತು, ಮತ್ತೆ ಬಂತು, ಮತ್ತೆ ಅಲ್ಲೇ ನಿಂತಿತು.

"ಈ ಮೂರು ಯಾರು ಹಾಕಿದ್ದು?" ಎಂದರು.

ಆಗ ನನಗೆ ಹೊಳೆಯಿತು. ಆ ಮೂರನ್ನು ನಾನು ಅವಸರದಲ್ಲಿ, ದರ್ಜಿಯಲ್ಲದವರು ಯಾರಾದರೂ ಹಾಕುವಂತೆ, ನುಣುಪು ಹೊರಗೆ ಮಾಡಿ ಅಂಟಿಸಿದ್ದೆ. ಇಡೀ ದೋಣಿ ತರಿ, ಮೂರೇ ಮೂರು ಹಲಗೆ ನುಣುಪು. ಇಡೀ ದೋಣಿಗೆ ಅಂಕಿ, ಆ ಮೂರಕ್ಕೆ ಇಲ್ಲ. ನನ್ನ ಕಣ್ಣಿಗೇ ಅದು ಅಲ್ಲಿಯವರೆಗೆ ಬಿದ್ದಿರಲಿಲ್ಲ. ತಪ್ಪು ಮಾಡಿದವಳು ನಾನು, ಆ ಕಡೆ ನೋಡಲು ನನಗೆ ಧೈರ್ಯವೆಲ್ಲಿತ್ತು?

"ನಾನೇ ಮಾವ. ಹೋದ ವಾರ. ಸೊಟ್ಟಗಿತ್ತು, ಬಿಡಿಸಿ ಹಾಕಿದೆ," ಎಂದೆ. ಮೋಸ ಮಾಡಿದೆ, ಕ್ಷಮಿಸಿ ಎಂದೂ ಸೇರಿಸಿದೆ.

ಮಾವನವರು ದೋಣಿಯನ್ನು ಬಲಗಣ್ಣಿನ ಹತ್ತಿರ ತಂದರು. ಆಮೇಲೆ ಎಡಗಣ್ಣಿಗೆ. ಆಮೇಲೆ ಮೇಜಿನ ಮೇಲಿಟ್ಟು, ಉಪ್ಪುಕಾಗದವನ್ನು ಮಡಚಿ ಅದರ ಪಕ್ಕದಲ್ಲಿಟ್ಟರು.

"ಮೋಸ ಮಾಡೋರು ಗೆಲ್ಲೋಕೆ ಮಾಡ್ತಾರಮ್ಮ. ನೀನು ಸೋಲೋಕೆ ಮಾಡಿದೀಯ," ಎಂದರು. ದೋಣಿಯ ಕಡೆ ಕೈ ತೋರಿಸಿದರು. "ಎಂಟು ದಿನದಿಂದ ಇದನ್ನ ಮೂಗಿಗೆ ತಾಗಿಸ್ಕೊಂಡು ಕೂತಿದೀನಿ. ಮೂರು ಹಲಗೆ ಬೇರೆಯವರ ಕೈದು ಅಂತ ಕಾಣಲಿಲ್ಲ ನಂಗೆ. ತಡವಿದ ಮೇಲೆ ಗೊತ್ತಾಯ್ತು." ಮತ್ತೆ ಆ ಮೂರು ಹಲಗೆಯ ಮೇಲೆ ಬೆರಳಿಟ್ಟರು. "ಅಪ್ಪನೂ ಹೀಗೇ ತಡವ್ತಿದ್ರು."

ತೀರ್ಪು ಕೊಡುವ ಪ್ರಮೇಯ ಅತ್ತೆಗೆ ಬರಲೇ ಇಲ್ಲ. ನಾಳೆ ಆಸ್ಪತ್ರೆ ಎಷ್ಟು ಗಂಟೆಗೆ ತೆಗೆಯುತ್ತಾರೆ ಎಂದು ಮಾವನವರೇ ಕೇಳಿದರು.

ಬಲಗಣ್ಣಿನ ಆಪರೇಷನ್ನಿನ ದಿನ ಹೊರಗಿನ ಬೆಂಚಿನ ಮೇಲೆ ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು ಕೂತಿದ್ದರು. ಮಗ ಇದ್ದ, ಹೆಂಡತಿ ಇದ್ದರು, ಹಿಡಿದದ್ದು ನನ್ನ ಕೈ. ಅಪ್ಪನ ಹಾಗೆ ಆದರೆ ಏನು ಮಾಡುವುದು ಎಂದು ಕೇಳಿದರು. ಆಗುವುದಿಲ್ಲ ಎಂದು ಹೇಳಲು ನಾನೇನು ಡಾಕ್ಟರೇ? ಆದರೆ ನಾನಿದ್ದೇನೆ ಮಾವ, ಬಾಬಿನ್ನು ನಾನು ಸುತ್ತುತ್ತೇನೆ, ನೀವು ಕೂತು ಬೈಯ್ಯಿರಿ ಎಂದೆ. ಒಳಗೆ ಕರೆದಾಗಲೇ ಅವರು ಕೈ ಬಿಟ್ಟಿದ್ದು.

ಮಾರನೇ ದಿನ ಕಣ್ಣಿನ ಬಟ್ಟೆ ಬಿಚ್ಚಿದರು. ಡಾಕ್ಟರು ಬೆರಳು ತೋರಿಸಿದರು, ಮಾವನವರು ಎಣಿಸಿದರು. ಆಮೇಲೆ ಡಾಕ್ಟರ ಬಿಳಿ ಕೋಟಿನ ಕಾಲರ್ ಸರಿಯಾಗಿ ಕೂತಿಲ್ಲ ಎಂದು ಹೇಳಿದರು. ಆಗಲೇ ನಮಗೆ ಜೀವ ಬಂದದ್ದು.

ಮನೆಗೆ ಬಂದವರೇ ಸೀದಾ ಕಿಟಕಿಯ ಹತ್ತಿರ ಹೋದರು. ಎಡಗಣ್ಣು ಮುಚ್ಚಿ, ಬಲಗಣ್ಣಿನಲ್ಲಿ ದೋಣಿಯನ್ನು ಎಲ್ಲ ಕಡೆಯಿಂದ ತಿರುಗಿಸಿ ತಿರುಗಿಸಿ ನೋಡಿದರು. ಕಂಬ ವಾಲಿತ್ತು, ಹಿಂಭಾಗ ಒಂದು ಕಡೆ ಇಳಿದಿತ್ತು, ಮೈತುಂಬ ಅಂಕಿ. ನಾನು ಸರಿ ಮಾಡಿದ ಮೂರು ಹಲಗೆಯೂ ಅಂಥ ನೆಟ್ಟಗೇನೂ ಇರಲಿಲ್ಲ. ಇದನ್ನು ನೋಡಿ ಭೇಷ್ ಅಂದನಲ್ಲ ಮಗ, ಇವನನ್ನೂ ಡಾಕ್ಟರಿಗೆ ತೋರಿಸಬೇಕು ಎಂದರು. ಎಲ್ಲರೂ ನಕ್ಕೆವು. ಅಂಕಿಗಳನ್ನು ತಿಕ್ಕುವುದು ಬೇಡ, ಹಾಗೇ ಇರಲಿ ಎಂದರು. ಮಾವನವರು ಅಂಗಡಿ ಮತ್ತೆ ತೆರೆದಿದ್ದಾರೆ, ಈಗ ಅದು ಹಾಗೆಯೇ ಅಲ್ಲಿನ ಗಾಜಿನ ಹಿಂದೆ ಇದೆ. ಕೇಳಿದವರಿಗೆ, ಇನ್ನೂ ತಿರುಗಿಸಿಲ್ಲ ಎನ್ನುತ್ತಾರೆ.

ಆವತ್ತು ದೋಣಿ ಕೆಳಗಿಟ್ಟು ನನ್ನ ಕಡೆ ತಿರುಗಿದರು. ಎಡಭುಜದ ಮಾತು ಬರುತ್ತದೆ ಎಂದು ನಾನು ನೆಟ್ಟಗೆ ನಿಂತೆ. ಅವರು ಭುಜ ನೋಡಲಿಲ್ಲ. ನನ್ನ ಮುಖವನ್ನೇ ನೋಡಿದರು, ಬಹಳ ಹೊತ್ತು.

"ನಿನ್ನ ತಲೆ ಯಾವಾಗ ಇಷ್ಟು ನರೆತು ಹೋಯ್ತಮ್ಮ?"

"ನಾಲ್ಕೈದು ವರ್ಷ ಆಯ್ತಲ್ಲ ಮಾವ."

"ನಾಲ್ಕೈದು ವರ್ಷದಿಂದ ನಿನ್ನ ಮುಖ ನೋಡೇ ಇಲ್ಲ ನಾನು," ಎಂದರು. ಕಣ್ಣಿಗೆ ನೀರು ತಾಗಬಾರದು ಎಂದು ಡಾಕ್ಟರು ಹೇಳಿದ್ದರು. ನಾನು ಅದನ್ನು ನೆನಪಿಸಿದೆ. ಅವರು ತಲೆಯಾಡಿಸಿ, ಕುರ್ಚಿ ಎಳೆದು, ಇಲ್ಲಿ ಬೆಳಕಿಗೆ ಬಂದು ಕೂತುಕೋ ಎಂದರು.