ಬಾಗಿಲು ಕಾಯುವ ಮುದುಕಿಗೆ ಹೊತ್ತ ಹರಕೆ

ಕಾಫಿ ಬೆಳೆಯುವ ಮನೆಯಲ್ಲಿದ್ದುಕೊಂಡು ನಾನು ಕಾಫಿ ಕುಡಿದು ಎರಡು ವರ್ಷವಾಗುತ್ತಾ ಬಂತು. ನಮ್ಮ ಹೆಗ್ಗದ್ದೆ ಕಡೆ ಇದು ಸಣ್ಣ ಸುದ್ದಿಯಲ್ಲ. ಹರಕೆ ಎಂದು ಎಲ್ಲರಿಗೂ ಗೊತ್ತಿತ್ತು. ಯಾರಿಗಾಗಿ ಎಂಬುದು ಮಾತ್ರ ಬಹಳ ದಿನ ನನಗೂ ಮೇಲಿರುವ ಈಶ್ವರನಿಗೂ ಬಿಟ್ಟು ಬೇರೆಯವರಿಗೆ ತಿಳಿದಿರಲಿಲ್ಲ.

ನಾನು ಓದುವುದು ಒಬ್ಬರೇ ಲೇಖಕರನ್ನು. ಆಗ ಅವರ ಒಂಬತ್ತು ಕಾದಂಬರಿಗಳು ಬಂದಿದ್ದವು. ಒಂದೊಂದೂ ಬೇರೆ ಕಥೆ, ಆದರೆ ಎಲ್ಲವೂ ನಡೆಯುವುದು ಯಾವ ಭೂಪಟದಲ್ಲೂ ಇಲ್ಲದ ಒಂದೇ ನಾಡಿನಲ್ಲಿ. ಎರಡನೆಯ ಪುಸ್ತಕದ ಸಂತೆಯಲ್ಲಿ ಉಪ್ಪು ಮಾರುತ್ತಿದ್ದ ಹುಡುಗಿ ಆರನೆಯದರಲ್ಲಿ ರಾಜನ ತಾಯಿ. ನಾಲ್ಕನೆಯದರಲ್ಲಿ ಕಳೆದುಹೋದ ಮಂತ್ರದ ಕತ್ತಿಯಿಂದ ಏಳನೆಯದರಲ್ಲಿ ಯಾವನೋ ರೈತ ಹಲಸಿನಹಣ್ಣು ಹೆಚ್ಚುತ್ತಿರುತ್ತಾನೆ. ಅದು ಅದೇ ಕತ್ತಿ ಎಂದು ನನಗೆ ಹೊಳೆದ ದಿನ ಒಲೆಯ ಮೇಲಿನ ಹಾಲು ಪೂರ್ತಿ ಉಕ್ಕಿಹೋಯಿತು. ಯಾರಿಗಾದರೂ ಹೇಳದಿದ್ದರೆ ಆಗುವುದಿಲ್ಲ ಎನ್ನಿಸಿ, ಪಕ್ಕದ ತೋಟದ ಮನೆಯವಳಿಗೆ ಹೇಳಿದೆ.

"ಅಕ್ಕಾ, ಆ ಪುಸ್ತಕದಾಗೆ ದೇವ್ರು ಐತಾ?"

"ಇಲ್ಲ ಕಣೇ."

"ಮತ್ಯಾಕೆ ಕಣ್ಣು ಹಾಳು ಮಾಡ್ಕಂತೀರಿ?" ಎಂದು ಕರಿಬೇವು ಕಿತ್ತುಕೊಂಡು ಹೋದಳು.

ಅಂದಿನಿಂದ ಯಾರಿಗೂ ಹೇಳಲು ಹೋಗಲಿಲ್ಲ.

ಆ ನಾಡಿನಲ್ಲಿ ನನಗೆ ಬೇಕಾದವಳು ಒಬ್ಬ ಮುದುಕಿ. ಪ್ರತಿ ಪುಸ್ತಕದಲ್ಲೂ ಒಂದೆರಡು ಪುಟ ಮಾತ್ರ ಬರುತ್ತಾಳೆ. ಬೆಟ್ಟದ ದಾರಿಯಲ್ಲಿ ಒಂದು ದೊಡ್ಡ ಬಾಗಿಲು. ಬಂದವರಿಗೆ ಅದನ್ನು ತೆಗೆದು, ನೀರು ಕೊಟ್ಟು, "ಊಟ ಆಯ್ತಾ?" ಎಂದು ಕೇಳಿ ಮತ್ತೆ ಮುಚ್ಚುವುದು ಅವಳ ಕೆಲಸ. ಒಂಬತ್ತು ಪುಸ್ತಕಗಳಲ್ಲಿ ಒಬ್ಬರಾದರೂ ಅವಳನ್ನು "ನಿಂದಾಯ್ತಾ?" ಎಂದು ಕೇಳಿಲ್ಲ. ಹುಡುಕಿ ನೋಡಿದ್ದೇನೆ. ಒಂಬತ್ತನೆಯದರ ಕೊನೆಯಲ್ಲಿ ಶತ್ರುಗಳು ಬರುವಾಗ ಒಳಗಿನವರನ್ನು ಉಳಿಸಲು ಅವಳು ಹೊರಗಿನಿಂದ ಬೀಗ ಹಾಕಿ, ಹಿಮ ಬೀಳುತ್ತಿರುವ ಕಡೆಯೇ ನಿಂತುಬಿಡುತ್ತಾಳೆ. ಅಲ್ಲಿಗೆ ಪುಸ್ತಕ ಮುಗಿಯಿತು.

ಮರುದಿನ ಪೂಜೆಯ ಹೊತ್ತಿಗೆ, ಅವಳು ಬದುಕಿದ್ದಾಳೆ ಎಂದು ತಿಳಿಯುವ ತನಕ ಕಾಫಿ ಮುಟ್ಟುವುದಿಲ್ಲ ಎಂದು ಹರಕೆ ಹೊತ್ತೆ. ಕಥೆಯವಳಿಗೆ ಹರಕೆಯೇ ಎಂದು ನಗಬಹುದು. ಬರೆಯುವವರ ಕೈ ನಡೆಸುವವನೂ ಆ ಈಶ್ವರನೇ ಎಂದು ನಂಬಿದವಳು ನಾನು.

ಅದೇ ವಾರ ನಮ್ಮ ಯಜಮಾನರಿಗೆ ಎದೆ ನೋವು ಬಂದು ಹಾಸನಕ್ಕೆ ಹೋದೆವು. ಹೃದಯ ಸ್ವಲ್ಪ ಸೋತಿದೆ, ಮಾತ್ರೆ ತಪ್ಪಿಸಬೇಡಿ ಎಂದರು ಡಾಕ್ಟರು. ಮನೆಗೆ ಬಂದ ಮೇಲೆ ಅವರಿಗೆ ಮಾತ್ರ ಕಾಫಿ ತಂದಿಟ್ಟು ನನಗೆ ತಂದುಕೊಳ್ಳದ್ದನ್ನು ಅವರು ನೋಡಿದರು.

"ಹರಕೆನಾ?"

"ಹೂಂ."

"ನನಗೋಸ್ಕರ..." ಎಂದು ಅರ್ಧಕ್ಕೆ ನಿಲ್ಲಿಸಿ ಕಣದ ಕಡೆ ತಿರುಗಿಕೊಂಡರು. ಅವರ ಕಣ್ಣು ಒದ್ದೆಯಾಗಿತ್ತು. ಅಲ್ಲ ಎನ್ನಬೇಕಿತ್ತು. ಎದ್ದು ಅವರ ಮಾತ್ರೆ ತಂದಿಟ್ಟೆ.

ಮಾರನೆಯ ದಿನ ಎಲೆಅಡಿಕೆಯ ಡಬ್ಬಿಯನ್ನು ಅಟ್ಟಕ್ಕೆ ಹಾಕಿದರು. "ನೀನೇ ಕಾಫಿ ಬುಟ್ಟ ಮೇಲೆ ನಂದೇನು," ಎಂದರು. ಸ್ಟೋರ್ ಹತ್ತಿರ, ಕೂಲಿಯವರ ಲೈನಿನ ಹತ್ತಿರ, ಸಿಕ್ಕವರಿಗೆಲ್ಲ ನನ್ನ ಹರಕೆಯ ವಿಷಯ ಹೇಳಿಕೊಂಡು ಬಂದರು. ಕಿತ್ತಳೆ ಸುಲಿದರೆ ದೊಡ್ಡ ಸೊಳೆಗಳು ನನ್ನ ಕೈಗೆ. ಮದುವೆಯಾಗಿ ಮೂವತ್ತು ವರ್ಷದಲ್ಲಿ ಇಲ್ಲದ ಪ್ರೀತಿ. ಕದ್ದು ತಿಂದ ಹಾಗೆ ತಿನ್ನುತ್ತಿದ್ದೆ.

ಹರಕೆ ಹೊತ್ತ ಒಂದು ವರ್ಷ ಎರಡು ತಿಂಗಳಿಗೆ ಹತ್ತನೆಯ ಪುಸ್ತಕ ಬಂತು. ಬಸ್ಸು ಹಿಡಿದು ಸಕಲೇಶಪುರಕ್ಕೆ ಹೋಗಿ ತಂದು ಮೂರು ಮಧ್ಯಾಹ್ನಗಳಲ್ಲಿ ಓದಿ ಮುಗಿಸಿದೆ. ಕಥೆಯೆಲ್ಲ ಕಡಲ ಕಡೆಯದು. ಒಬ್ಬ ವ್ಯಾಪಾರಿ ಒಂದು ಕಡೆ, ಬೆಟ್ಟದ ದಾರಿ ಮುಚ್ಚಿದೆ ಎನ್ನುತ್ತಾನೆ. ಅಷ್ಟೇ. ಮುದುಕಿಯ ಸುದ್ದಿಯೇ ಇಲ್ಲ.

ಮರುದಿನ ಹಾಸನದಲ್ಲಿ ಡಾಕ್ಟರು ಯಜಮಾನರನ್ನು ಪರೀಕ್ಷೆ ಮಾಡಿ, ಚೆನ್ನಾಗಿದ್ದೀರಿ ಎಂದರು. ಮನೆಗೆ ಬಂದವರೇ ಜನ್ಮದಲ್ಲಿ ಮೊದಲ ಸಲ ತಾವೇ ಬೆಲ್ಲ ಹಾಕಿ ಕಾಫಿ ಮಾಡಿ ಜಗಲಿಗೆ ತಂದುಕೊಟ್ಟರು.

"ಕುಡಿಯೇ. ನಿನ್ನ ಹರಕೆ ಫಲಿಸ್ತು."

ಗಂಡನ ಹತ್ತಿರ ಸುಮ್ಮನಿದ್ದು ಒಂದು ವರ್ಷ ದೂಡಿದ್ದೆ. ಆ ಲೋಟ ಬಾಯಿಗಿಟ್ಟರೆ ದೇವರ ಹತ್ತಿರವೂ ಸುಳ್ಳಾಗುತ್ತಿತ್ತು. ಹೇಳಿಬಿಟ್ಟೆ.

"ಪುಸ್ತಕದ ಮುದುಕಿಗಾ?"

"ಹೂಂ."

"ನನಗೇನೂ ಹೊತ್ಕಂಡಿಲ್ವಾ?"

"ನಿಮ್ಮ ವಿಷ್ಯ ದಿನಾ ದೀಪ ಹಚ್ಚುವಾಗ ಕೇಳ್ಕಂತೀನಿ ಕಣ್ರೀ. ಅದಕ್ಕೆ ಬೇರೆ ಹರಕೆ ಬೇಕು ಅನ್ನಿಸ್ಲಿಲ್ಲ."

ನಿಜವೇ ಹೇಳಿದ್ದೆ. ಆದರೂ ಆ ಹೊತ್ತಿಗೆ ಅದು ಬಡವಾಗಿ ಕೇಳಿಸಿತು. ಕಾಫಿಯನ್ನು ಅವರೇ ಕುಡಿದು, ಲೋಟ ತೊಳೆದು ಬೋರಲು ಹಾಕಿ ತೋಟಕ್ಕೆ ಹೋದರು.

ಎಂಟು ದಿನ ಬೇಕಾದಷ್ಟೇ ಮಾತು. ಬಡಿಸಿದ್ದು ಉಂಡರು, ಮಾತ್ರೆ ನುಂಗಿದರು, ಡಬ್ಬಿಯನ್ನು ಅಟ್ಟದಿಂದ ಇಳಿಸಲಿಲ್ಲ. ಇಷ್ಟಾದರೂ ಉಳಿಸಿದೆಯಲ್ಲ ಎಂದು ದೇವರಿಗೆ ಕೈಮುಗಿದೆ. ಪುಸ್ತಕ ಬಿಡಿಸಿದರೆ ಅಲ್ಲೂ ಯಾರೂ ಇಲ್ಲದ ಹಾಗಿತ್ತು.

ಒಂಬತ್ತನೆಯ ದಿನ ಪಕ್ಕದ ಮನೆಯವಳು ಬಂದಳು.

"ಅಕ್ಕಾ, ಭಾವ ಹುಷಾರಾದ್ರಂತೆ. ಹರಕೆ ಮುಗೀತಲ್ಲ, ಕಾಫಿ ಕಾಯ್ಸಿ, ಇಬ್ರೂ ಕುಡಿಯಾನ."

ಯಜಮಾನರು ಕಣದಲ್ಲಿ ರೊಬಸ್ಟಾ ಕಾಫಿ ಒಣಗಲು ಹರವುತ್ತಿದ್ದರು. ತಿರುಗದೆಯೇ ಹೇಳಿದರು: "ಮುಗಿದಿಲ್ಲ. ಒಬ್ಳು ಮುದುಕಿ ಸುದ್ದಿ ಬರ್ಬೇಕು."

"ಯಾವ ಮುದುಕಿ? ನಿಮ್ಮ ಕಡೆಯೋಳಾ?"

"ಅಲ್ಲ. ಇವಳ ಕಡೆಯೋಳು."

ಕುಟುಕಿದರೋ, ನನ್ನ ಪರ ನಿಂತರೋ, ಮುಖ ಕಾಣಲಿಲ್ಲ. ಒಳಗೆ ಹೋಗಿ ಎರಡು ಲೋಟ ಕಾಫಿ ಮಾಡಿದೆ, ನನಗೆ ಬಿಸಿನೀರು. ಪಕ್ಕದ ಮನೆಯವಳು ಬಿಡಲಿಲ್ಲ.

"ಹತ್ರದ ನೆಂಟ್ರಾ ಅಕ್ಕಾ?"

"ಭಾಳ ಹತ್ರ," ಎಂದೆ.