ಕಿವುಡರಿಗೆ ವಾರ್ತೆ ಹೇಳಿದ ನಜೀಹಾ

ಬಾಗ್ದಾದಿನ ಕಿವುಡ ಮಕ್ಕಳ ಶಾಲೆಯಲ್ಲಿ ನಾನೂ ನಜೀಹಾಳೂ ಹದಿನೇಳು ವರ್ಷ ಒಟ್ಟಿಗೆ ಪಾಠ ಮಾಡಿದೆವು. ಅವಳ ತಂದೆತಾಯಿ ಇಬ್ಬರೂ ಕಿವುಡರು; ಮಾತಿಗಿಂತ ಮೊದಲು ಅವಳಿಗೆ ಬಂದದ್ದು ಕೈಸನ್ನೆ. ಹಾಗಾಗಿ ಟೀವಿಯಲ್ಲಿ ಕಿವುಡರಿಗಾಗಿ ವಾರ್ತೆ ಶುರುವಾದಾಗ ಪರದೆಯ ಮೂಲೆಯಲ್ಲಿ ನಿಲ್ಲುವ ಕೆಲಸ ಅವಳಿಗೇ ಸಿಕ್ಕಿತು. ಊರಿನ ಕಿವುಡರಿಗೆಲ್ಲ ಅವಳು ಮನೆಮಗಳಾದಳು.

೨೦೦೩ರ ಏಪ್ರಿಲ್‌ನಲ್ಲಿ ಅಮೆರಿಕದ ಟ್ಯಾಂಕುಗಳು ಊರಂಚಿಗೆ ಬಂದಾಗಲೂ ಸರ್ಕಾರದ ವಕ್ತಾರ ನಾಯಿಫ್ ದಿನಾ ಕ್ಯಾಮೆರಾ ಮುಂದೆ ಬಂದು, ಶತ್ರು ನೂರಾರು ಮೈಲಿ ದೂರದ ಮರಳಲ್ಲಿ ಹೂತುಹೋಗಿದ್ದಾನೆ ಎನ್ನುತ್ತಿದ್ದ. ಒಂದು ಶುಕ್ರವಾರ ಸ್ಟುಡಿಯೋದಲ್ಲಿ ಫಿರಂಗಿ ಸದ್ದಿಗೆ ಸೂರಿನ ಸುಣ್ಣ ಉದುರಿ ಅವನ ಚಹಾದ ಲೋಟಕ್ಕೇ ಬಿತ್ತು.

"ಸರ್, ತೀರಾ ಹತ್ರಾನೇ ಕೇಳಿಸ್ತಿದೆ," ಎಂದಳಂತೆ ನಜೀಹಾ.

"ಎಲ್ಲಮ್ಮಾ? ನಂಗೇನೂ ಕೇಳಿಸ್ತಿಲ್ವಲ್ಲ." ಸುಣ್ಣವನ್ನು ಚಮಚದಲ್ಲಿ ತೆಗೆದುಹಾಕಿ ನಾಯಿಫ್ ಚಹಾ ಕುಡಿದ. "ಕಿವುಡರಿಗೆ ಹೇಳೋಳು ನೀನು. ನಿಂಗ್ಯಾಕೆ ಕಿವಿ?"

ಕ್ಯಾಮೆರಾ ಹಿಂದೆ ಬಂದೂಕು ಹಿಡಿದ ಇಬ್ಬರು ನಿಂತಿದ್ದರು. ಅವನ ಮಾತನ್ನೆಲ್ಲ ಒಂದೂ ಬಿಡದೆ ಅವಳು ಸನ್ನೆಗಿಳಿಸಿದಳು.

ದೋರಾ ಬಡಾವಣೆಯ ದರ್ಜಿ ಗಸ್ಸಾನ್, ಅವನ ಹೆಂಡತಿ ಬಲ್ಕೀಸ್ ಇಬ್ಬರೂ ಕಿವುಡರು, ನಜೀಹಾಳ ಹಳೆಯ ವಿದ್ಯಾರ್ಥಿಗಳು. ಜನರೇಟರ್ ಇದ್ದ ಪಕ್ಕದ ಮನೆಯಲ್ಲಿ ಅಂದಿನ ವಾರ್ತೆ ನೋಡಿದರು. ಸನ್ನೆ ಬಾರದ ಆ ಮನೆಯವರು ಹೊರಗೆ ಕೈತೋರಿಸಿ ಹೋಗಿ ಹೋಗಿ ಎಂದು ಅಂಗಲಾಚಿದರೂ, ಟೀಚರೇ ಹೇಳಿದ ಮೇಲೆ ಇನ್ನೇನು ಭಯವೆಂದು, ದೂರದ ಬಾಕೂಬಾ ಊರಿಗೆ ಹೊರಡಲು ಕಟ್ಟಿದ್ದ ಗಂಟುಗಳನ್ನು ಬಿಚ್ಚಿದರು.

ಮರುದಿನ ಬೆಳಿಗ್ಗೆ ಬಲ್ಕೀಸ್ ಹೆದ್ದಾರಿ ಬದಿಯ ಅಂಗಡಿಗೆ ರೊಟ್ಟಿ ತರಲು ಹೋದಳು. ಟ್ಯಾಂಕುಗಳು ಹೆದ್ದಾರಿಗೆ ನುಗ್ಗಿದಾಗ ಸಾಲಿನಲ್ಲಿದ್ದವರೆಲ್ಲ ಚೆಲ್ಲಾಪಿಲ್ಲಿಯಾದರು. ಅವಳು ಒಲೆಯ ಕಡೆ ಮುಖ ಮಾಡಿ ಬಿಸಿ ರೊಟ್ಟಿಗಳನ್ನು ಬಟ್ಟೆಗೆ ಸುತ್ತುತ್ತಿದ್ದಳು. ಗುಂಡು ಬೆನ್ನಿಗೆ ಬಿತ್ತು.

ಬಲ್ಕೀಸಳನ್ನು ಮಣ್ಣು ಮಾಡಿ ಇಪ್ಪತ್ತು ದಿನ ಕಳೆದ ಮೇಲೆ ನಜೀಹಾ ನನ್ನನ್ನು ಕರೆದುಕೊಂಡು ಗಸ್ಸಾನನ ಮನೆಗೆ ಹೋದಳು. ಅವನು ಅಳಲಿಲ್ಲ. ಸನ್ನೆಯಲ್ಲಿ ಕೇಳಿದ:

"ಟೀಚರ್, ಅವತ್ತು ನಿಮ್ಗೆ ಸದ್ದು ಕೇಳಿಸ್ತಿತ್ತಾ?"

"ಕೇಳಿಸ್ತಿತ್ತು ಕಣಪ್ಪಾ. ಬಂದೂಕು ಹಿಡ್ದೋರು ಎದುರಿಗೇ ಇದ್ರು."

"ಅವ್ರಲ್ಲಿ ನಮ್ಮ ಸನ್ನೆ ಯಾರಿಗ್ ಬರ್ತಿತ್ತು?"

ವಕ್ತಾರ ಏನೇ ಹೇಳಲಿ, ನಜೀಹಾಳ ಕೈ 'ಓಡಿ' ಎಂದಿದ್ದರೆ ಆ ಕೋಣೆಯಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ.

"ಯಾರಿಗೂ ಇಲ್ಲ."

"ಮತ್ತೆ?"

"ಹೊಳೀಲೇ ಇಲ್ಲ ಮಗಾ. ದೇವರಾಣೆಗೂ ಹೊಳೀಲೇ ಇಲ್ಲ."

ಗಸ್ಸಾನ್ ಕಣ್ಣು ಮುಚ್ಚಿಕೊಂಡ. ಆಮೇಲೂ ಅವಳ ಕೈಗಳು ಎಷ್ಟೋ ಹೊತ್ತು ಬೇಡಿಕೊಳ್ಳುತ್ತಲೇ ಇದ್ದವು. ಅವನು ಕಣ್ಣು ತೆರೆಯಲಿಲ್ಲ. ಕೊನೆಗೆ ನಾನೇ ಅವಳನ್ನು ರಟ್ಟೆ ಹಿಡಿದು ಎಬ್ಬಿಸಿದೆ.

ನಾಯಿಫ್ ಗಡಿಯಾಚೆಯ ಅಮ್ಮಾನ್ ನಗರಕ್ಕೆ ಓಡಿಹೋಗಿ ಮಕ್ಕಳ ಜೊತೆ ಸುಖವಾಗಿದ್ದಾನೆಂದು ಕೇಳಿದೆವು. ಶಾಲೆ ಮತ್ತೆ ತೆರೆದಾಗ ನಜೀಹಾ ಒಂದು ದಿನ ಬಂದಳು. ಅವಳು ಕೈ ಎತ್ತಿದ ಕೂಡಲೇ ದೊಡ್ಡ ಮಕ್ಕಳು ಗೋಡೆಯತ್ತ ತಿರುಗಿದರು. ಅವಳು ಬೈಯಲಿಲ್ಲ. ಚೀಲ ಎತ್ತಿಕೊಂಡು ಹೊರಟುಹೋದಳು.

ಈಗ ಕರ್ರಾದಾ ಬಡಾವಣೆಯಲ್ಲಿ ತಂಗಿಯ ಮನೆಯಲ್ಲಿದ್ದಾಳೆ. ನಾನು ಹೋದಾಗ ಚಹಾ ಮಾಡಿಕೊಡುತ್ತಾಳೆ, ಊರ ಸುದ್ದಿ ಕೇಳುತ್ತಾಳೆ. ಮಾತಾಡುವಷ್ಟು ಹೊತ್ತೂ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿ ಹಿಡಿದು ಕೂತಿರುತ್ತಾಳೆ.