ಮೂಡಬಿದ್ರೆಯ ಹನ್ನೊಂದನೇ ಟೋಕನ್

ಬೆಳ್ತಂಗಡಿಯ ಒಂದು ಬೇಕರಿಯ ಮೇಲಿನ ಕೋಣೆಯಲ್ಲಿ ನಾನೂ ಕಕ್ಕಿಂಜೆಯ ನನ್ನ ಬ್ಯಾರಿ ಗೆಳೆಯನೂ ಸಾಫ್ಟ್‌ವೇರ್ ಮಾಡುತ್ತೇವೆ. ಕೋಡ್ ಬರೆಯುವುದು ಅವನು, ತಪ್ಪು ಹುಡುಕುವುದು ನಾನು. ಮೂಡಬಿದ್ರೆಯ ಕಣ್ಣಿನ ಡಾಕ್ಟರೊಬ್ಬರು ಟೋಕನ್ ನಂಬರು ಕೂಗುವ ವ್ಯವಸ್ಥೆ ಕೇಳಿದ್ದರು. ನಮಗೆ ಅದೇ ಮೊದಲ ದೊಡ್ಡ ಕೆಲಸ.

ಸ್ವರ ನನ್ನ ದೊಡ್ಡಮ್ಮನದು. ರೆಕಾರ್ಡ್ ಮಾಡುತ್ತ ಹನ್ನೊಂದಕ್ಕೆ ಬಂದಾಗ ಅಡುಗೆಮನೆಗೆ ಬೆಕ್ಕು ನುಗ್ಗಿ ಬಂಗುಡೆ ಮೀನಿಗೆ ಬಾಯಿ ಹಾಕಿತು. ಆ ನಂಬರನ್ನು ಮರುದಿನ ಪುನಃ ಹೇಳಿಸಿ, ಹಳೆಯದನ್ನು ತೆಗೆದೆವು. ಆಫೀಸಿನಲ್ಲಿ ಎಷ್ಟು ಸಲ ಕೇಳಿದರೂ ಸರಿಯಾಗಿತ್ತು.

ಶನಿವಾರ ಕ್ಲಿನಿಕ್ಕಿನಲ್ಲಿ ಹತ್ತರವರೆಗೆ ಚಂದ ಕೂಗಿತು. ಆಮೇಲೆ ಜನ ತುಂಬಿದ ಹಾಲ್‌ನಲ್ಲಿ ದೊಡ್ಡಮ್ಮನ ಸ್ವರ ಕೇಳಿಸಿತು: “ಹನ್ನೊಂದು… ಏ ಪುಚ್ಚೆ, ಬಂಗುಡೆ ಬಿಡು!”

ಹನ್ನೊಂದನೇ ಟೋಕನಿನ ಹಿರಿಯರು ಏಳಲು ಹೊರಟವರು ಪುನಃ ಕೂತರು. ಡಾಕ್ಟರು ನಗಲಿಲ್ಲ.

“ಸೋಮವಾರ ಸರಿಯಾದ್ರೆ ಇಟ್ಟುಕೊಳ್ತೇನೆ. ಇಲ್ಲದಿದ್ರೆ ನೀವೇ ತಗೊಂಡು ಹೋಗಿ.”

ಬಸ್ಸು ವೇಣೂರು ದಾಟಿದ ಮೇಲೆ ಗೆಳೆಯ, “ನಮ್ಮಲ್ಲಿ ಸರಿ ಉಂಟಲ್ಲ ಮಾರಾಯ” ಎಂದ.

“ನಮ್ಮಲ್ಲಿಗೆ ಯಾರೂ ಕಣ್ಣು ತೋರಿಸ್ಲಿಕ್ಕೆ ಬರುದಿಲ್ಲ” ಎಂದೆ.

ಆದದ್ದು ಇಷ್ಟೆ. ಅವನ ಕೋಡ್, ದೊಡ್ಡಮ್ಮನ ಸ್ವರ, ಎರಡನ್ನೂ ಸೇರಿಸಿ ‘ಬಿಲ್ಡ್’ ಮಾಡಿ ತಯಾರಿಸಿದ ಪ್ರೋಗ್ರಾಮ್ ಎಲ್ಲ ಒಂದೇ ಫೋಲ್ಡರಿನಲ್ಲಿದ್ದವು. ಅಲ್ಲಿಯೇ ಓಡಿಸಿದರೆ ಪ್ರೋಗ್ರಾಮ್ ಪಕ್ಕದಲ್ಲಿದ್ದ ಹೊಸ ಹನ್ನೊಂದನ್ನು ಎತ್ತಿಕೊಳ್ಳುತ್ತಿತ್ತು. ಮೂಡಬಿದ್ರೆಗೆ ಒಯ್ದ ಪ್ರತಿಯಲ್ಲಿ ಮಾತ್ರ ಮೊದಲ ಬಿಲ್ಡಿನಿಂದ ಉಳಿದಿದ್ದ ಹಳೆಯ ಹನ್ನೊಂದೇ ಹೋಗಿತ್ತು.

ನಮ್ಮ ಕಡೆ ಹಲಸಿನಹಣ್ಣನ್ನು ಅಡುಗೆಮನೆಯಲ್ಲಿ ಕೊಯ್ಯುವುದಿಲ್ಲ. ಅಂಗಳದಲ್ಲಿ ಗೋಣಿ ಹಾಸಿ, ಕೈಗೆ ಎಣ್ಣೆ ಹಚ್ಚಿಕೊಂಡು ಕೊಯ್ದು, ಸೊಳೆ ಮಾತ್ರ ಒಳಗೆ ತರುವುದು. ಇಲ್ಲದಿದ್ದರೆ ಹಣ್ಣಿನ ಮೇಣ ಮುಟ್ಟಿದಲ್ಲೆಲ್ಲ ಅಂಟಿ ಕೂರುತ್ತದೆ. ಗೆಳೆಯನ ಮನೆಯಲ್ಲೂ ಹಾಗೆಯೇ.

“ಬಿಲ್ಡನ್ನೂ ಅಂಗಳದಲ್ಲಿ ಮಾಡುವ” ಎಂದೆ.

“ನನ್ನ ಕೋಡಿನಲ್ಲಿ ಮೇಣ ಉಂಟು ಅಂತ ನೇರ ಹೇಳು.”

ಭಾನುವಾರ ಬೇರೆಯೇ ಖಾಲಿ ಫೋಲ್ಡರಿನಲ್ಲಿ ಬಿಲ್ಡ್ ಮಾಡಿದೆವು. ಪರೀಕ್ಷೆಗೆ ಮುಂಚೆ ನಾನು ಮೂಲ ಫೋಲ್ಡರಿನ ಹೆಸರು ಬದಲಾಯಿಸಿದೆ. ಪ್ರೋಗ್ರಾಮ್ ಮೆಲ್ಲನೆ ಹಿಂದೆ ಹೋಗಿ ಏನನ್ನಾದರೂ ಎತ್ತಿಕೊಂಡು ಬರಬಾರದಲ್ಲ.

ಹತ್ತರ ನಂತರ ಮೌನ. ಮತ್ತೆ ಹನ್ನೆರಡು.

“ಈಗ ಅದೂ ಹೋಯ್ತು!” ಗೆಳೆಯ ತಲೆಯ ಮೇಲೆ ಕೈ ಹೊತ್ತ.

ಹೋದದ್ದಲ್ಲ, ಹೊಸ ಸ್ವರವನ್ನು ಬಿಲ್ಡಿಗೆ ಸೇರಿಸಬೇಕೆಂದು ಅವನು ಎಲ್ಲಿಯೂ ಬರೆದೇ ಇರಲಿಲ್ಲ. ಮೂಲ ಫೋಲ್ಡರಿನ ಒಳಗೆ ಕೂತಷ್ಟು ಕಾಲ ಅದು ಯಾರಿಗೂ ಗೊತ್ತಾಗುವಂತಿರಲಿಲ್ಲ. ಅವನು ಒಂದು ಸಾಲು ಸೇರಿಸಿದ. ಹೊರಗಿನ ಫೋಲ್ಡರನ್ನು ಪೂರ್ತಿ ಅಳಿಸಿ, ಮೊದಲಿನಿಂದ ಮಾಡಿ ಕೇಳಿದೆವು. ಹನ್ನೊಂದು ಬಂತು.

ಸೋಮವಾರ ಡಾಕ್ಟರು ಬಾಗಿಲಲ್ಲೇ ನಿಂತು ಕೇಳಿದರು. ಹನ್ನೊಂದು ಕೂಗಿದಾಗ ಒಬ್ಬರು ಹೆಂಗಸು ಎದ್ದು ಒಳಗೆ ನಡೆದರು. ಡಾಕ್ಟರೂ ಅವರ ಹಿಂದೆ ಹೋದರು. ನಾವು ಚಪ್ಪಲಿಗಳ ಪಕ್ಕ ನಿಂತೇ ಇದ್ದೆವು. ಹದಿನಾಲ್ಕಕ್ಕೆ ಡಾಕ್ಟರು ತಲೆ ಹೊರಗೆ ಹಾಕಿದರು.

“ಇದು ಇರಲಿ. ಬಂಟ್ವಾಳದಲ್ಲಿ ನನ್ನ ತಮ್ಮನ ಹಲ್ಲಿನ ಕ್ಲಿನಿಕ್ ಉಂಟು. ಅವನಿಗೂ ಒಂದು ಮಾಡಿ ಕೊಡ್ತೀರಾ?”

“ಮಾಡುವ ಡಾಕ್ಟ್ರೇ” ಎಂದ ಗೆಳೆಯ. “ಬೇರೆ ಫೋಲ್ಡರಿನಲ್ಲಿ.”